ರೊಟ್ಟಿ ಹೊತ್ತಿತೆಂದು ಕೂಗಿದರು, ಯಾರೂ ಏಳಲಿಲ್ಲ

ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಒಲೆ ಹೊತ್ತಿಸುತ್ತಾರೆ? ಗಂಡಸರನ್ನು ಕೇಳಿ ನೋಡಿ, ಮೂರು ಸಲ ಎನ್ನುತ್ತಾರೆ. ತಾವು ಉಣ್ಣುವುದು ಮೂರು ಸಲ, ಅವರ ಲೆಕ್ಕ ಅಲ್ಲಿಗೆ ಮುಗಿಯಿತು. ಯಲವಿಗಿಯ ಗುತ್ತೆಪ್ಪನೂ ಹಾಗೆಯೇ ಹೇಳುತ್ತಿದ್ದ. ಆದರೆ ಅವನ ಮನೆಯ ಒಲೆ ಕೋಳಿ ಕೂಗುವ ಹೊತ್ತಿಗೆ ಹೊತ್ತಿದರೆ ಊರು ಮಲಗುವ ತನಕ ಆರುತ್ತಿರಲಿಲ್ಲ. ಅದು ತಮ್ಮ ಮನೆತನದ ಭಾಗ್ಯ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುತ್ತಿದ್ದ. ಆ ಭಾಗ್ಯದ ಮುಂದೆ ಕೂತು ಬೇಯುವವರು ಯಾರು ಎಂದು ಅವನನ್ನು ಯಾರೂ ಕೇಳಿರಲಿಲ್ಲ.

ಮೊದಲು ಹೀಗಿರಲಿಲ್ಲ. ಗುತ್ತೆಪ್ಪ, ಹೆಂಡತಿ ಭರಮವ್ವ, ಇಬ್ಬರು ಗಂಡುಮಕ್ಕಳು, ಎಲ್ಲರೂ ಒಟ್ಟಿಗೆ ಹೊಲಕ್ಕೆ ಹೋಗುತ್ತಿದ್ದರು, ಒಟ್ಟಿಗೆ ಬರುತ್ತಿದ್ದರು. ಆಮೇಲೆ ಕಾಲ ಬದಲಾಯಿತು. ಹಿರಿಯ ಮಗ ಮಾಳಪ್ಪನಿಗೆ ಊರ ಟೇಶನ್ನಿನಲ್ಲಿ ರೈಲ್ವೆ ಕೆಲಸ ಸಿಕ್ಕಿತು. ಅವನ ಪಾಳಿ ಒಂದು ವಾರ ಬೆಳಗಿನದು, ಇನ್ನೊಂದು ವಾರ ಮಧ್ಯಾಹ್ನದ ಮೇಲಿನದು. ಕಿರಿಯವ ಗಿರಿಯಪ್ಪ ಹತ್ತಿಯ ಜಿನ್ನಿಂಗ್ ಫ್ಯಾಕ್ಟರಿ ಸೇರಿದ. ಅಲ್ಲಿಯ ಭೋಂಗಾ ಕೂಗಿದಾಗ ಹೋಗಬೇಕು, ಕೂಗಿದಾಗ ಬರಬೇಕು. ಗುತ್ತೆಪ್ಪನದು ಹೊಲದ ವೇಳೆ. ಹೀಗೆ ಮೂವರು ಗಂಡಸರಿಗೆ ಮೂರು ಗಡಿಯಾರವಾದವು. ಒಲೆ ಮಾತ್ರ ಒಂದೇ ಉಳಿಯಿತು, ಅದರ ಮುಂದೆ ಕೂಡುವ ಹೆಣ್ಣುಮಗಳೂ ಒಬ್ಬಳೇ. ಅವಳು ಮಾಳಪ್ಪನ ಹೆಂಡತಿ ಮಂಜವ್ವ, ಹಿರೇಕೆರೂರ ಕಡೆಯ ಹುಡುಗಿ.

ಈ ಮನೆಯ ಗಂಡಸರಿಗೆ ರೊಟ್ಟಿ ಬಿಸಿಯೇ ಆಗಬೇಕು. ಬುಟ್ಟಿಯಲ್ಲಿಟ್ಟದ್ದು ನಡೆಯದು. ಹಂಚಿನಿಂದ ಇಳಿದದ್ದು ನೇರ ಗಂಗಾಳಕ್ಕೆ ಬೀಳಬೇಕು, ಒಂದು ಮುಗಿಯುವುದರೊಳಗೆ ಇನ್ನೊಂದು. ಮಾಳಪ್ಪನಿಗೆ ತಟ್ಟಿಕೊಟ್ಟು ಮಂಜವ್ವ ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಗಿರಿಯಪ್ಪ ಬರುತ್ತಿದ್ದ. ಅವನಿಗೆ ತಟ್ಟಿ ಹಂಚು ಇಳಿಸಿದರೆ ಪಡಸಾಲೆಯಲ್ಲಿ ಗುತ್ತೆಪ್ಪ ಕೆಮ್ಮುತ್ತಿದ್ದ. ಆ ಕೆಮ್ಮಿನ ಅರ್ಥ, ಹಂಚು ಮತ್ತೆ ಏರಿಸು. ಮಧ್ಯಾಹ್ನವೂ ಇದೇ ಪಾಡು, ಸಂಜೆಯೂ ಇದೇ ಪಾಡು. ನಡುವೆ ನೀರು ತರುವುದು, ಸೌದೆ ಸೀಳುವುದು, ಮುಸುರೆ ತಿಕ್ಕುವುದು. ಅದನ್ನೆಲ್ಲ ಆ ಮನೆಯಲ್ಲಿ ಕೆಲಸ ಎಂದೇ ಕರೆಯುತ್ತಿರಲಿಲ್ಲ.

ಬೀಸುವುದು ಬೇರೆ. ದಿನಾ ನಸುಕಿನಲ್ಲಿ ಎದ್ದು ಐದು ಸೇರು ಜೋಳ. ಖಾದರಸಾಬನೆಂಬವನು ಟೇಶನ್ ಹತ್ತಿರ ಇಂಜಿನ್ನಿನ ಹಿಟ್ಟಿನ ಗಿರಣಿ ಹಾಕಿ ಎರಡು ವರ್ಷವಾಗಿತ್ತು. ಅರ್ಧ ಊರು ಅಲ್ಲಿಗೆ ಹೋಗುತ್ತಿತ್ತು. ಗುತ್ತೆಪ್ಪ ಮಾತ್ರ ಒಪ್ಪಲಿಲ್ಲ.

"ಗಿರಣಿ ಹಿಟ್ಟು ಸುಟ್ಟ ಹಿಟ್ಟ. ಅದಕ್ಕ ಎಣ್ಣಿ ವಾಸನಿ ಬರತೈತಿ. ಅದನ್ನ ತಿಂದ್ರ ಮೈಯಾಗ ಕಸುವು ನಿಲ್ಲಂಗಿಲ್ಲ. ನಿನ್ನೀ ಹಿಟ್ಟಿಗೆ ಜಿಗಿನೂ ಇರಂಗಿಲ್ಲ, ದಿನಾ ಹೊಸಾದ ಬೀಸಬೇಕು."

ಇಷ್ಟು ಹೇಳಿದವನು ಹುಟ್ಟಿದಾಗಿನಿಂದ ಒಂದು ದಿನ ಹಿಟ್ಟು ನಾದಿದವನಲ್ಲ. ಹಿಟ್ಟಿನ ಜಿಗಿ ಎಂದರೆ ಕೈಗೆ ಹೇಗೆ ಹತ್ತುತ್ತದೆ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಆದರೂ ಅವನ ಮಾತೇ ಆ ಮನೆಯ ಕಾಯಿದೆ.

ಭರಮವ್ವ ಗಂಡನ ಮಾತಿಗೆ ಎದುರಾಡಿದವಳಲ್ಲ. ಇಪ್ಪತ್ತೆಂಟು ವರ್ಷ ಅವಳೇ ಆ ಕಲ್ಲು ತಿರುವಿದ್ದಳು. ಈಗ ಬಲ ಮೊಳಕೈ ಬಾಗುತ್ತಿರಲಿಲ್ಲ, ಅದಕ್ಕೆ ಕಲ್ಲು ಸೊಸೆಯ ಕೈಗೆ ಹೋಗಿತ್ತು. "ನಮ್ಮ ಮನ್ಯಾಗ ಇನ್ನೂ ಬೀಸುಕಲ್ಲಿನ ಹಿಟ್ಟ ನೋಡ್ರಿ" ಎಂದು ಬಾವಿಯ ಕಟ್ಟೆಯ ಮೇಲೆ ಹೇಳಿಕೊಳ್ಳುವುದು ಅವಳಿಗೂ ಹೆಮ್ಮೆಯೇ ಆಗಿತ್ತು. ಹಾಗೆಂದು ಅವಳು ಸೊಸೆಯನ್ನು ಕಾಡುವ ಅತ್ತೆಯೇನಲ್ಲ. ಬೈದವಳಲ್ಲ, ಹೊಡೆದವಳಲ್ಲ. ಮಂಜವ್ವನಿಗೆ ಆರು ತಿಂಗಳು ತುಂಬಿದ್ದವು. ಮೊದಲ ಬಸುರು. ಉಡಿ ತುಂಬಿ, ಕುಬಸದ ಶಾಸ್ತ್ರ ಮಾಡಿ ತವರಿಗೆ ಕಳಿಸಬೇಕೆಂದು ಭರಮವ್ವ ಎರಡು ಸಲ ಮಾತು ತೆಗೆದಿದ್ದಳು. "ಹತ್ತಿ ಬಿಡಿಸೂದು ಮುಗೀಲಿ, ಈಗ ಆಕಿ ಹೋದ್ರ ರೊಟ್ಟಿ ಮಾಡಾವ್ರು ಯಾರು" ಎಂದು ಗುತ್ತೆಪ್ಪ ಮುಂದೂಡಿದ್ದ. ಹೊಟ್ಟೆಯಲ್ಲಿದ್ದ ಮೊಮ್ಮಗುವಿಗಿಂತ ಗಂಗಾಳಕ್ಕೆ ಬೀಳುವ ರೊಟ್ಟಿ ದೊಡ್ಡದಾಯಿತು. ಅದು ತಪ್ಪೆಂದು ಯಾರಿಗೂ ಹೊಳೆಯಲಿಲ್ಲ, ಸಿಟ್ಟು ಬರುವುದು ಅಲ್ಲಿಯೇ.

ಸೊಸೆಗೆ ಮಣ್ಣಿನ ಬಯಕೆ ಹತ್ತಿತ್ತು. ಒಲೆಯ ಅಂಚಿನ ಮಣ್ಣನ್ನು ಉಗುರಿನಿಂದ ಕೆರೆದು ಬಾಯಿಗೆ ಹಾಕಿಕೊಳ್ಳುವುದನ್ನು ಭರಮವ್ವ ಕಂಡಿದ್ದಳು. ಬಸುರಿಯ ಬಯಕೆ ತೀರಿಸಬೇಕು, ಇಲ್ಲದಿದ್ದರೆ ಕೂಸಿನ ಕಿವಿ ಸೋರುತ್ತದೆ ಎಂದು ಊರಲ್ಲಿ ಹೇಳುತ್ತಾರೆ. ಅದಕ್ಕೆ ಅವಳು ಕೆರೆಯಾಚೆಯ ಹುತ್ತದ ತನಕ ನಡೆದುಹೋಗಿ ನುಣ್ಣನೆಯ ಮಣ್ಣು ತರುತ್ತಿದ್ದಳು. ಜರಡಿ ಹಿಡಿದು, ಹಂಚಿನ ಮೇಲೆ ತುಸು ಹುರಿದು, ಸೊಸೆಯ ಕೈಗೆ ಕೊಡುತ್ತಿದ್ದಳು. ಮಂಜವ್ವ ಅದನ್ನು ಬೆಲ್ಲ ತಿಂದಂತೆ ತಿನ್ನುತ್ತಿದ್ದಳು. ನೋಡಿ ಅತ್ತೆಗೆ ಸಂತೋಷ.

ಅದು ಹೋದ ವರ್ಷದ, ಅಂದರೆ ಮೂವತ್ತೆಂಟನೆಯ ಇಸವಿಯ ಹತ್ತಿ ಸುಗ್ಗಿ. ಒಂದು ಸಂತೆಯ ದಿನ ಫ್ಯಾಕ್ಟರಿಗೆ ರಜೆ ಇತ್ತು, ಮಾಳಪ್ಪನ ಪಾಳಿ ಮಧ್ಯಾಹ್ನದ ಮೇಲಿತ್ತು. ಅಪರೂಪಕ್ಕೆ ಮೂವರೂ ಒಟ್ಟಿಗೆ ಉಣ್ಣಲು ಕೂತಿದ್ದರು. ಭರಮವ್ವ ಸೆರಗಿನಲ್ಲಿ ಹುತ್ತದ ಮಣ್ಣು ಕಟ್ಟಿಕೊಂಡು ಅಂಗಳಕ್ಕೆ ಬಂದಳು. ಹೊತ್ತಿದ ವಾಸನೆ ಮೂಗಿಗೆ ಬಡಿಯಿತು.

"ರೊಟ್ಟಿ ಹೊತ್ತಾಕತ್ತೈತಿ" ಎಂದು ಪಡಸಾಲೆಯಿಂದ ಗುತ್ತೆಪ್ಪ ಕೂಗುತ್ತಿದ್ದ.

"ವೈನಿ, ಹಂಚಿನ ಕಡೆ ನೋಡ್ರಿ" ಎಂದು ಗಿರಿಯಪ್ಪ ಕೂಗಿದ.

"ಏ, ಕೇಳಂಗಿಲ್ಲೇನು?" ಎಂದು ಮಾಳಪ್ಪ.

ಅಡಿಗೆಮನೆ ಅವರಿಂದ ಆರು ಹೆಜ್ಜೆ. ಮೂವರೂ ಮುಂದಿನ ರೊಟ್ಟಿಗೆ ಗಂಗಾಳ ನೋಡುತ್ತ ಕೂತಿದ್ದರು. ಸುಳ್ಳೇಕೆ ಹೇಳಬೇಕು, ಭರಮವ್ವನಿಗೂ ಮೊದಲು ನೆನಪಾದದ್ದು ರೊಟ್ಟಿಯೇ. ಹುಡುಗಿಗೆ ಲಕ್ಷ್ಯ ಇಲ್ಲ ಎಂದುಕೊಂಡೇ ಅವಳು ಒಳಗೆ ಹೋದದ್ದು.

ಮಂಜವ್ವ ಒಲೆಯ ಮುಂದೆ ಒರಗಿ ಬಿದ್ದಿದ್ದಳು. ಎಡಗೈ ಹಂಚಿನ ಅಂಚಿಗೆ ತಾಗಿ ಮೊಳಕೈ ತನಕ ಬೆಂದಿತ್ತು. ತುಟಿ ಬೆಳ್ಳಗೆ, ಕಣ್ಣು ಅರ್ಧ ಮುಚ್ಚಿತ್ತು. ಸೆರಗಿನ ಮಣ್ಣು ಎಲ್ಲಿ ಬಿತ್ತೋ ಭರಮವ್ವನಿಗೆ ಗೊತ್ತಾಗಲಿಲ್ಲ. ಅವಳು ಕೂಗಿದ ಕೂಗಿಗೆ ಪಕ್ಕದ ಮನೆಯ ರೋಶನಬಿ ಗೋಡೆ ದಾಟಿ ಓಡಿ ಬಂದಳು. ರೋಶನಬಿಯ ಮಗಳು ಮೂರು ದಿನದ ಬಾಣಂತಿ. ಅವಳನ್ನು ನೋಡಲು ಸವಣೂರಿನಿಂದ ದವಾಖಾನೆಯ ನರ್ಸಬಾಯಿ ಹಮೀದುನ್ನೀಸಾ ಅದೇ ಆಗ ಬಂದು ಕೂತಿದ್ದರು. ಅದು ದೇವರ ದಯೆ. ಇಲ್ಲದಿದ್ದರೆ ಈ ಕತೆಯನ್ನು ನಾನು ಬೇರೆ ತರಹ ಹೇಳಬೇಕಾಗುತ್ತಿತ್ತು.

ಹಮೀದುನ್ನೀಸಾ ಬಂದವರೇ ಮಂಜವ್ವನನ್ನು ಎಡ ಮಗ್ಗುಲಿಗೆ ಮಲಗಿಸಿದರು. ಸುಟ್ಟ ಕೈಗೆ ತಣ್ಣೀರು ಹಾಕುತ್ತಲೇ ಇರಲು ರೋಶನಬಿಗೆ ಹೇಳಿದರು. ಎಚ್ಚರ ಬಂದ ಮೇಲೆ ಬೆಲ್ಲದ ನೀರು ಗುಟುಕು ಗುಟುಕಾಗಿ ಕುಡಿಸಿದರು. ಹೊಟ್ಟೆಯ ಮೇಲೆ ಕೈಯಿಟ್ಟು ಕಾದರು. ಕೂಸು ಮಿಸುಕಿತು. ಅವರು ಉಸಿರು ಬಿಟ್ಟು, ಹುಡುಗಿಯ ಕಣ್ಣಿನ ಕೆಳರೆಪ್ಪೆಯನ್ನು ಬೆರಳಿನಿಂದ ಇಳಿಸಿ ಭರಮವ್ವನನ್ನು ಹತ್ತಿರ ಕರೆದರು.

"ನೋಡ್ರಿ ಭರಮವ್ವಾರ. ಇಲ್ಲಿ ಕೆಂಪ ಇರಬೇಕು. ಏನು ಕಾಣಾಕತ್ತೈತಿ?"

"ಬೆಳ್ಳಗ ಐತ್ರಿ."

"ಉಗುರು ನೋಡ್ರಿ. ಅವೂ ಬೆಳ್ಳಗ. ಈಕಿ ಮೈಯಾಗ ರಕ್ತ ಇಲ್ಲ. ಇವತ್ತ ಏನ ಉಂಡಾಳ?"

"ಎಲ್ಲಾರದೂ ಊಟ ನಡದಿತ್ರಿ."

"ಎಲ್ಲಾರದು ನಾ ಕೇಳಲಿಲ್ಲ. ಈಕಿ ಏನ ಉಂಡಾಳ?"

ಭರಮವ್ವ ಅಡಿಗೆಮನೆಯ ಕದದ ಕಡೆ ನೋಡಿದಳು. ಸೊಸೆ ಎಲ್ಲರೂ ಉಂಡ ಮೇಲೆ ಕದ ಮುಂದೆ ಮಾಡಿಕೊಂಡು ಒಬ್ಬಳೇ ಉಣ್ಣಬೇಕು, ಅದು ಮನೆಯ ರೂಢಿ. ಕದದ ಹಿಂದೆ ಅವಳು ಏನು ಉಂಡಳು, ಉಂಡಳೋ ಇಲ್ಲವೋ, ಅವಳು ಮನೆಗೆ ಬಂದ ಎರಡು ವರ್ಷದಲ್ಲಿ ಒಂದು ದಿನವೂ ಭರಮವ್ವ ನೋಡಿರಲಿಲ್ಲ. ರೋಶನಬಿ ರೊಟ್ಟಿಯ ಬುಟ್ಟಿಯ ಅರಿವೆ ತೆಗೆದಳು. ಬುಟ್ಟಿ ಖಾಲಿ. ಪಲ್ಯದ ಬೋಗುಣಿ ಸೌಟಿನಿಂದ ಕೆರೆದದ್ದು.

"ಹೇಳ ಮಗಳ, ನಿನ್ನೆ ಏನ ಉಂಡಿ?" ಎಂದು ಹಮೀದುನ್ನೀಸಾ ಮಂಜವ್ವನನ್ನೇ ಕೇಳಿದರು.

"ಒಂದು ರೊಟ್ಟಿ ಉಳದಿತ್ರಿ" ಎಂದಳು ಮಂಜವ್ವ. ಅತ್ತೆಯ ಮುಖ ನೋಡಿ ಮತ್ತೆ ಹೇಳಿದಳು. "ಒಮ್ಮೊಮ್ಮಿ ಎರಡೂ ಉಳೀತಾವ್ರಿ. ಮತ್ತ ಹಿಟ್ಟು ನಾದಾಕ ಕೈಯಾಗ ಆಗಂಗಿಲ್ರಿ. ಮಲಗಿಬಿಡತೇನಿ."

ದಿನಕ್ಕೆ ನಲವತ್ತು ರೊಟ್ಟಿ ತಟ್ಟುವ ಹುಡುಗಿ ಹಸಿದು ಮಲಗುತ್ತಿದ್ದಳು. ಬಸುರಿ. ಇದಕ್ಕೆ ಮನೆತನ ಎಂದು ಹೆಸರು.

ಆಗ ನೆಲದ ಮೇಲೆ ಚೆಲ್ಲಿದ್ದ ಮಣ್ಣು ಹಮೀದುನ್ನೀಸಾ ಅವರ ಕಣ್ಣಿಗೆ ಬಿತ್ತು. "ಇದೇನ್ರಿ?"

"ಬಯಕೀ ಮಣ್ಣು ರೀ. ಈಕಿಗೆ ಭಾಳ ಸೇರತೈತಿ. ದಿನಾ ನಾನ ತಂದು ಕೊಡತೇನಿ" ಎಂದಳು ಭರಮವ್ವ. ತಾನು ಸೊಸೆಗೆ ಏನಾದರೂ ಮಾಡಿದ್ದೇನೆ ಎಂದು ಹೇಳಲು ಅವಳಿಗೆ ಇದೊಂದೇ ಇತ್ತು.

ನರ್ಸಬಾಯಿಯ ಮುಖ ಬಿಗಿಯಿತು. ಆದರೆ ಎದುರು ಕೂತ ಮುದುಕಿಯ ಕಣ್ಣು ನೋಡಿ ದನಿ ತಗ್ಗಿಸಿದರು.

"ಇದು ಬಯಕಿ ಅಲ್ರಿ ಯವ್ವಾ. ಮೈಯಾಗ ರಕ್ತ ಕಡಿಮಿ ಆದಾಗ ಹಿಂಗ ಮಣ್ಣು, ಬೂದಿ, ಇದ್ದಲಿ ತಿನ್ನಬೇಕನಸತೈತಿ. ಅದು ಹಸಿವು ಕೂಗೂ ಕೂಗು. ನೀವು ಅದಕ್ಕ ಮಣ್ಣ ತುಂಬಾಕತ್ತೀರಿ. ಮಣ್ಣು ಹೊಟ್ಟಿಗೆ ಹೋದ್ರ ಜಂತ ಆಗ್ತಾವ, ಇದ್ದ ರಕ್ತಾನೂ ಅವ ಕುಡೀತಾವ. ಹಿಂಗ ಬಿಟ್ರ ಹೆರಿಗ್ಯಾಗ ಈಕಿ ಉಳಿಯೂದು ಕಷ್ಟ, ಕೂಸೂ ಉಳಿಯೂದು ಕಷ್ಟ. ನಾ ಹೆದರಸಾಕ ಹೇಳಾಕತ್ತಿಲ್ಲ. ನೋಡಿ ಹೇಳಾಕತ್ತೇನಿ."

ಭರಮವ್ವ ಚೆಲ್ಲಿದ ಮಣ್ಣನ್ನು ಅಂಗೈಯಿಂದ ಒಟ್ಟುಮಾಡಿದಳು. ಆಮೇಲೆ ಕೇಳಿದಳು. "ನಾನೂ ತಿಂತಿದ್ದೆ ರೀ. ನಮ್ಮತ್ತಿ ತಂದು ಕೊಡತಿದ್ಲು. ಮಾಳ್ಯಾಗಿಂತ ಮೊದಲ ನನಗ ಮೂರು ಹೋದುವು. ಎರಡು ಹೊಟ್ಟ್ಯಾಗ, ಒಂದು ಹುಟ್ಟಿ ಮೂರು ದಿನಕ್ಕ. ದೇವರು ಕೊಟ್ಟ, ದೇವರು ಒಯ್ದ ಅಂದ್ರು ಎಲ್ಲಾರೂ. ನನಗೂ ಹಿಂಗ ಆಗಿತ್ತೇನ್ರಿ?"

"ಅದನ್ನ ಈಗ ಹೆಂಗ ಹೇಳಲಿ? ಆಗ ಯಾರರೆ ನಿಮ್ಮ ಕಣ್ಣ ಕೆಳಗ ನೋಡಿದ್ರ ಹೇಳತಿದ್ರು."

"ಯಾರೂ ನೋಡಲಿಲ್ರಿ."

"ಈಕೀದು ನಾವು ನೋಡೇವಿ. ಇನ್ನೂ ವ್ಯಾಳ್ಯಾ ಐತಿ" ಎಂದರು ಹಮೀದುನ್ನೀಸಾ.

ದಿನಾ ಬೀಸುವ ಜೋಳ, ಮತ್ತೆ ಮತ್ತೆ ಏರುವ ಹಂಚು, ಗುತ್ತೆಪ್ಪನ ಜಿಗಿಯ ಮಾತು, ಎಲ್ಲವನ್ನೂ ರೋಶನಬಿ ನರ್ಸಬಾಯಿಯ ಕಿವಿಗೆ ಹಾಕಿದಳು. ಅಷ್ಟರಲ್ಲಿ ಮೂವರು ಗಂಡಸರು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದರು. ಮಾಳಪ್ಪ ಹೆಂಡತಿಯ ಸುಟ್ಟ ಕೈ ನೋಡಿ ತಲೆ ತಗ್ಗಿಸಿದ. ಗುತ್ತೆಪ್ಪ ಮಾತ್ರ ಗಂಟಲು ಸರಿಮಾಡಿಕೊಂಡ.

"ನಮ್ಮವ್ವ ಹೆರೂ ದಿನಾನೂ ಬೀಸಿದಾಕಿ ರೀ ಬಾಯಾರ. ಬಸುರಿ ಬೀಸಿದ್ರ ಹೆರಿಗಿ ಸಲೀಸ ಆಕ್ಕೈತಿ. ನಮ್ಮ ಹಿರೇರಿಗೆ ಇದೆಲ್ಲಾ ಗೊತ್ತಿರಲಿಲ್ಲೇನು?"

"ನಿಮ್ಮವ್ವಗ ಎಷ್ಟು ಮಕ್ಕಳಾದುವು, ಯಜಮಾನ್ರ?"

"ಒಂಬತ್ತು."

"ಉಳದದ್ದು?"

ಗುತ್ತೆಪ್ಪ ಮೇಲಿನ ತೊಲೆ ನೋಡಿದ. "ನಾವಿಬ್ರು" ಎಂದ.

ಹಮೀದುನ್ನೀಸಾ ಸುಟ್ಟ ಕೈಗೆ ಇನ್ನೊಂದು ತಂಬಿಗೆ ನೀರು ಹಾಕಿದರು. "ಕೆಲಸ ಮಾಡಬ್ಯಾಡ ಅಂತ ನಾ ಹೇಳಂಗಿಲ್ರಿ. ಬಡವರ ಮನ್ಯಾಗ ಕೆಲಸ ತಪ್ಪಂಗಿಲ್ಲ. ಆದ್ರ ಹೊಟ್ಟಿ ಖಾಲಿ, ಕೂಸು ಹೊಟ್ಟ್ಯಾಗ, ಐದು ಸೇರು ಬೀಸೂದು, ದಿನಕ್ಕ ಒಂಬತ್ತು ಸಲ ಹಂಚು ಏರಸೂದು, ಇದು ಕೆಲಸ ಅಲ್ಲ. ಗಿರಣಿಗೆ ಕಳಸ್ರಿ. ನಾಕು ದಿನದ ಹಿಟ್ಟು ಒಮ್ಮೆ ತರ್ರಿ, ಜಿಗಿ ಎಲ್ಲೂ ಹೋಗಂಗಿಲ್ಲ. ಬೇಕಾದ್ರ ಬಿಸಿನೀರಾಗ ನಾದಸ್ರಿ."

"ನಾ ಎರಡು ವರ್ಷದಿಂದ ಗಿರಣಿ ಹಿಟ್ಟಿಲೇನ ರೊಟ್ಟಿ ಬಡ್ಯಾಕತ್ತೇನಿ" ಎಂದಳು ರೋಶನಬಿ. "ನಿಮ್ಮ ಮನೀಗೆ ಎಷ್ಟು ಸಲ ಕೊಟ್ಟೇನಿ ಗುತ್ತೆಪ್ಪಣ್ಣ. ತಿಂದು, ಛಲೋ ಅದಾವು ಅಂದೀರಿ. ಎಣ್ಣಿ ವಾಸನಿ ನಿಮ್ಮ ಮೂಗಿಗೆ ಬರಲಿಲ್ಲ."

"ರೊಟ್ಟಿ ಆದ್ರೂ ಬಿಸಿ ಇರಬೇಕಲ್ಲ" ಎಂದ ಗುತ್ತೆಪ್ಪ, ಇನ್ನೊಂದು ಕಡೆ ಕಾಲೂರಿ. "ದುಡದು ಬಂದ ಗಂಡಸಿಗೆ ತಂಗಳ ನೀಡೂದು ಅಂದ್ರ ಏನು?"

ಆಗ ಮಾಳಪ್ಪ ಬಾಯಿ ಬಿಟ್ಟ. ತಂದೆಯ ಮುಂದೆ ಮಾತಾಡುವವನಲ್ಲ ಅವನು.

"ಯಪ್ಪಾ, ನಾ ಟೇಶನದಾಗ ದಿನಾ ಬುತ್ತಿ ಬಿಚ್ಚತೇನಿ. ಒಣಾ ರೊಟ್ಟಿ, ಗುರೆಳ್ಳ ಹಿಂಡಿ, ಉಳ್ಳಾಗಡ್ಡಿ. ಗ್ಯಾಂಗಿನವರು ಎಲ್ಲಾರೂ ಅದನ್ನ ತಿಂತಾರ. ಒಂದಿನಾನೂ ಬಿಸಿ ಇಲ್ಲ ಅಂತ ಯಾರೂ ಅಂದಿಲ್ಲ. ಮನೀ ಹೊಸ್ತಿಲ ದಾಟಿದ ಕೂಡ್ಲೆ ನನಗ ಬಿಸಿ ಬೇಕಾಕ್ಕೈತಿ."

ಅಷ್ಟು ಸಾಕಾಯಿತು. ಭರಮವ್ವ ನೆಲಕ್ಕೆ ಕೈಯೂರಿ ಎದ್ದಳು. ಇಪ್ಪತ್ತೆಂಟು ವರ್ಷ ನುಂಗಿದ ಮಾತು ಒಮ್ಮೆಲೇ ಬಂದಿತು.

"ಹೊಲದಾಗ ತಂಗಳ ನಡೀತೈತಿ. ಟೇಶನದಾಗ ನಡೀತೈತಿ. ಹುಲಗೂರ ಉರುಸಿಗೆ ಹೋದಾಗ ಮೂರು ದಿನದ ಖಡಕ್ ರೊಟ್ಟಿ ನಡೀತಾವು. ಮನ್ಯಾಗ ಅಷ್ಟ ನಡ್ಯಂಗಿಲ್ಲ. ಯಾಕಂದ್ರ ಮನ್ಯಾಗ ಸುಡಸ್ಕೊಳ್ಳಾಕ ಒಬ್ಬಾಕಿ ಅದಾಳ. ಇಲ್ಲಿ ಈಕಿ ಬಿದ್ದು ಕೈ ಬೇಯಾಕತ್ತಿತ್ತು, ನೀವು ಮೂರು ಮಂದಿ ರೊಟ್ಟಿ ರೊಟ್ಟಿ ಅಂತ ಕೂಗಿದ್ರಿ. ಒಬ್ಬರರೆ ಎದ್ದು ಬಂದ್ರ್ಯಾ? ನಾಳಿಂದ ಈ ಮನ್ಯಾಗ ಹಂಚು ದಿನಕ್ಕ ಎರಡ ಸಲ ಏರತೈತಿ. ಎಲ್ಲಾರೂ ಕೂಡಿದಾಗ ಬಿಸೀವು ತಿನ್ರಿ. ವ್ಯಾಳ್ಯಾ ತಪ್ಪಿ ಬಂದವರು ಬುಟ್ಟ್ಯಾಗಿಂದ ತಾವ ಹಾಕ್ಕೊಂಡು ಉಣ್ರಿ. ಈಕಿ ಪಡಸಾಲ್ಯಾಗ ನಮ್ಮ ಜೋಡಿ ಕುಂತು ಉಣ್ಣತಾಳ. ಆ ಕದ ಇನ್ನ ಮುಚ್ಚಂಗಿಲ್ಲ."

"ಸೊಸಿ ಮಾವನ ಮುಂದ ಉಣ್ಣೂದಾ?" ಎಂದ ಗುತ್ತೆಪ್ಪ.

"ಮಾವನ ಮುಂದ ಸಾಯೂದಕ್ಕಿಂತ ಉಣ್ಣೂದು ಛಲೋ" ಎಂದಳು ಭರಮವ್ವ.

ಹಮೀದುನ್ನೀಸಾ ಹೋಗುವ ಮುನ್ನ ತಿಳಿಯುವ ಹಾಗೆ ಹೇಳಿದರು. ನಾಳೆಯೇ ಸವಣೂರಿನ ದವಾಖಾನೆಗೆ ಕರೆದುಕೊಂಡು ಬರಬೇಕು, ಡಾಕ್ಟರು ನೋಡಿ ರಕ್ತ ಹೆಚ್ಚುವ ಔಷಧ, ಜಂತಿಗೆ ಔಷಧ ಕೊಡುತ್ತಾರೆ. ದಿನಾ ಒಂದು ಹಿಡಿ ಸೊಪ್ಪು ಹೊಟ್ಟೆಗೆ ಹೋಗಬೇಕು, ರಾಜಗಿರಿಯಾಗಲಿ, ನುಗ್ಗಿಯಾಗಲಿ, ಮೆಂತ್ಯೆಯಾಗಲಿ. ಮೊಳಕೆ ಬಂದ ಹೆಸರುಕಾಳು, ಶೇಂಗಾ ಬೆಲ್ಲ, ಒಂದು ಬಟ್ಟಲು ಮಜ್ಜಿಗೆ. ಮಧ್ಯಾಹ್ನ ಮಗ್ಗುಲಿಗೆ ಒರಗಬೇಕು. ಹದಿನೈದು ದಿನಕ್ಕೆ ತಾವೇ ಬಂದು ನೋಡುವುದಾಗಿ ಹೇಳಿ ಟಾಂಗಾ ಹತ್ತಿದರು.

ಮರುದಿನ ಮಾಳಪ್ಪ ಒಂದು ದಿನದ ರಜೆ ಹಾಕಿ ಹೆಂಡತಿಯನ್ನು ಸವಣೂರಿಗೆ ಕರೆದೊಯ್ದ. ಗಿರಿಯಪ್ಪ ಅಷ್ಟೇನೂ ತಕರಾರು ಮಾಡಲಿಲ್ಲ. ಮೊದಲ ದಿನ ತಾನೇ ಹಾಕಿಕೊಂಡು ಉಣ್ಣುವಾಗ ಪಲ್ಯದ ಗಡಿಗೆ ಎಲ್ಲಿದೆ ಎಂದು ಗೊತ್ತಾಗದೆ ಅರ್ಧ ತಾಸು ಹುಡುಕಿದ. ಹುಟ್ಟಿ ಬೆಳೆದ ಮನೆ ಅದು.

ಗುತ್ತೆಪ್ಪ ಮುನಿಸಿಕೊಂಡ. ಬುಟ್ಟಿಯ ರೊಟ್ಟಿ ಮುಟ್ಟಲಿಲ್ಲ. ಧೋತರ ಕೊಡವಿಕೊಂಡು ಅದೇ ಓಣಿಯ ತುದಿಯಲ್ಲಿದ್ದ ತಮ್ಮನ ಮನೆಗೆ ಉಣ್ಣಲು ಹೋದ. ಭರಮವ್ವ ತಡೆಯಲಿಲ್ಲ. ಎರಡು ದಿನ ಹಾಗೆಯೇ ನಡೆಯಿತು. ಅವಳಿಗೆ ಅಳು ಬಂದಿತ್ತು, ಆದರೆ ಹಂಚು ಏರಿಸಲಿಲ್ಲ. ಮೂರನೆಯ ದಿನ ಗಂಡ ಮಧ್ಯಾಹ್ನವೇ ಮನೆಗೆ ಬಂದ. ಯಾರ ಕಡೆಯೂ ನೋಡದೆ ಕಣಜದಿಂದ ಚೀಲಕ್ಕೆ ಜೋಳ ತುಂಬಿದ, ಹೆಗಲಿಗೆ ಹಾಕಿಕೊಂಡು ಹೊರಟ. ಸಂಜೆಯ ಹೊತ್ತಿಗೆ ಮೈತುಂಬ ಹಿಟ್ಟಿನ ಧೂಳಾಗಿ ತಿರುಗಿ ಬಂದು ಚೀಲ ಇಳಿಸಿದ.

"ಖಾದರಸಾಬನ ಗಿರಣ್ಯಾಗ ಗದ್ದಲ ಭಾಳ" ಎಂದ. ಅಷ್ಟೇ.

ಏನಾಯಿತೆಂದು ಭರಮವ್ವನಿಗೆ ತಿಳಿದದ್ದು ಮಾರನೆಯ ದಿನ, ಮೈದುನನ ಹೆಂಡತಿ ಕರೆವ್ವನ ಬಾಯಿಂದ. ಕರೆವ್ವ ಭಾವನಿಗೆ ಎರಡು ದಿನವೂ ಬಿಸಿ ರೊಟ್ಟಿ ನೀಡಿದ್ದಳು. ಮೂರನೆಯ ದಿನ ನಾಲ್ಕನೆಯ ರೊಟ್ಟಿ ಕೈಗೆ ತೆಗೆದುಕೊಂಡವನು ಯಾಕೋ ನಿಲ್ಲಿಸಿ, "ನಿನ್ನ ಊಟ ಆತೇನವಾ" ಎಂದು ಕೇಳಿದನಂತೆ. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಆ ಮನೆಯ ಗಂಡಸೊಬ್ಬ ಅವಳನ್ನು ಆ ಮಾತು ಕೇಳಿದ್ದು ಅದೇ ಮೊದಲು. ಕರೆವ್ವನಿಗೆ ನಗು ಬಂದಿತ್ತು. "ನೀವೆಲ್ಲಾ ಉಂಡ ಮ್ಯಾಲ ಉಳದ್ರ ಆಕ್ಕೈತ್ರಿ ಭಾವಾ" ಎಂದಿದ್ದಳು. ಗುತ್ತೆಪ್ಪ ಬುಟ್ಟಿಯೊಳಗೆ ಹಣಿಕಿ ನೋಡಿದ. ಅವನ ತಮ್ಮ ಇನ್ನೂ ಉಣ್ಣಬೇಕಾಗಿತ್ತು, ಬುಟ್ಟಿಯಲ್ಲಿ ಎರಡೇ ಇದ್ದವು. ಕೈಯಲ್ಲಿದ್ದ ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು ಎದ್ದು ಬಂದನಂತೆ.

ಗಿರಣಿಯಿಂದ ಹಿಟ್ಟು ಬಂದ ದಿನ ರಾತ್ರಿಯ ಊಟಕ್ಕೆ ಐವರೂ ಪಡಸಾಲೆಯಲ್ಲಿ ಕೂತರು. ಮಂಜವ್ವ ಸೆರಗು ಮುಂದೆ ಎಳೆದುಕೊಂಡು ಮೂಲೆಗೆ ಮುಖ ಮಾಡಿ ಉಂಡಳು. ಗುತ್ತೆಪ್ಪ ಗೋಡೆಗೆ ಮುಖ ಮಾಡಿ ಉಂಡ. ಇಬ್ಬರಿಗೂ ನಾಚಿಕೆ. ನಾಚಿಕೊಂಡರೂ ಹೊಟ್ಟೆ ತುಂಬಿತು. ನಾಲ್ಕು ದಿನದಲ್ಲಿ ನಾಚಿಕೆಯೂ ಹೋಯಿತು.

ಹದಿನೈದು ದಿನಕ್ಕೆ ಹಮೀದುನ್ನೀಸಾ ಬಂದು ರೆಪ್ಪೆ ಇಳಿಸಿ ನೋಡಿದರು. ಪೂರಾ ಕೆಂಪಲ್ಲ, ಆದರೆ ಮೊದಲಿನ ಸುಣ್ಣದ ಬಿಳುಪೂ ಅಲ್ಲ. ಮಣ್ಣು ತಿನ್ನಬೇಕೆನ್ನಿಸುವುದು ತಾನಾಗಿ ನಿಂತಿತ್ತು. ಹತ್ತಿ ಇನ್ನೂ ಹೊಲದಲ್ಲಿರುವಾಗಲೇ ಕುಬಸ ಮಾಡಿ ಮಂಜವ್ವನನ್ನು ತವರಿಗೆ ಕಳಿಸಿದರು. ಅವಳು ಹೋದ ಮೇಲೆ ರೊಟ್ಟಿಗೆ ಏನು ಗತಿ ಎಂದು ಯಾರೂ ಉಪವಾಸ ಬೀಳಲಿಲ್ಲ. ಭರಮವ್ವನ ಕೈಗೆ ಆದಷ್ಟು ಅವಳು ತಟ್ಟಿದಳು, ಗಿರಿಯಪ್ಪ ನಾದಿ ಕೊಟ್ಟ, ವಾರಕ್ಕೊಂದು ದಿನ ರೋಶನಬಿಯ ಜೊತೆ ಕೂಡಿ ಖಡಕ್ ರೊಟ್ಟಿ ಮಾಡಿಟ್ಟರು. ಮಳೆಗಾಲ ಹಿಡಿಯುವ ಮೊದಲು ಹಿರೇಕೆರೂರಿನಿಂದ ಕಾರ್ಡು ಬಂತು. ಹೆಣ್ಣು ಕೂಸು. ತಾಯಿಯೂ ಕೂಸೂ ಸುಖವಾಗಿದ್ದಾರೆ. ಮಾಳಪ್ಪ ಅದನ್ನು ಎರಡು ಸಲ ಓದಿದ.

ಎಲ್ಲರೂ ನಕ್ಕರು. ಭರಮವ್ವ ಮಾತ್ರ ಅಂಗಳಕ್ಕೆ ಹೋಗಿ ಕೂತಳು. ರೋಶನಬಿ ಬಂದು ಯಾಕೆಂದು ಕೇಳಿದಾಗ, ಸೆರಗಿನಿಂದ ಮುಖ ಒರೆಸಿಕೊಂಡು, "ಸಂತೋಷನೂ ಐತಿ ರೋಶನವ್ವ, ಸಿಟ್ಟೂ ಐತಿ" ಎಂದಳು. "ನನ್ನ ಮೂರು ಕೂಸು ಇದ್ದಿದ್ರ ಇವತ್ತ ಅವಕ್ಕೂ ಮಕ್ಕಳಿರತಿದ್ವು. ಒಂದು ಹಿಡಿ ಸೊಪ್ಪು, ಒಂದು ರೊಟ್ಟಿ. ಇಷ್ಟ ಬೇಕಾಗಿತ್ತು. ದೇವರ ಮ್ಯಾಲ ಹಾಕಿ ಕುಂತ್ವಿ."

ಓದುತ್ತಿರುವ ಅಣ್ಣಂದಿರೇ, ಕೇಳುತ್ತಿರುವ ತಾಯಂದಿರೇ. ಭರಮವ್ವನ ಸಿಟ್ಟು ನ್ಯಾಯವಾದದ್ದು, ಅದರಲ್ಲಿ ನಿಮಗೂ ಪಾಲು ಬರಲಿ. ಹಾನಗಲ್ಲಿನಲ್ಲಿರಲಿ, ಶಿಗ್ಗಾವಿಯಲ್ಲಿರಲಿ, ಬಂಕಾಪುರದಲ್ಲಿರಲಿ, ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ ಇವತ್ತೇ ಬೆಳಕಿಗೆ ಕರೆದು ಅವಳ ಕಣ್ಣಿನ ಕೆಳರೆಪ್ಪೆ ನೋಡಿ. ಬೆಳ್ಳಗಿದ್ದರೆ, ನಾಲ್ಕು ಹೆಜ್ಜೆಗೆ ಏದುಸಿರು ಬಂದರೆ, ಮಣ್ಣು ಬೂದಿ ತಿನ್ನಬೇಕೆಂದರೆ, ಬಯಕೆ ಎಂದು ನಗಬೇಡಿ, ಹತ್ತಿರದ ದವಾಖಾನೆಗೆ ಕರೆದೊಯ್ಯಿರಿ. ಗಿರಣಿ ಹತ್ತಿರವಿದ್ದರೆ ಬೀಸುಕಲ್ಲಿಗೆ ಬಿಡುವು ಕೊಡಿ, ದೂರವಿದ್ದರೆ ಬೀಸಲು ನೀವೂ ಕೈ ಹಚ್ಚಿ. ಅಡಿಗೆಗೆ ಎರಡು ಹೊತ್ತು ಗೊತ್ತು ಮಾಡಿ, ತಡವಾಗಿ ಬಂದವರು ತಾವೇ ಬಡಿಸಿಕೊಳ್ಳಲಿ. ಉಣ್ಣುವಾಗ ಎಲ್ಲರೂ ಕೂಡಿ ಉಣ್ಣಿ.

ಹೆಣ್ಣುಮಗಳು ಸತ್ತ ಮೇಲೆ ಮನೆಯ ದೀಪ ಆರಿತೆಂದು ಎದೆ ಬಡಿದುಕೊಳ್ಳುವವರು ಊರಲ್ಲಿ ಬಹಳ ಜನ. ಬದುಕಿದ್ದಾಗ ಅವಳ ಗಂಗಾಳಕ್ಕೆ ಒಂದು ರೊಟ್ಟಿ ಹಾಕಿದವರು ಎಷ್ಟು ಜನ? ಇವತ್ತಿನ ಊಟಕ್ಕೆ ನೀವು ಹಾಕಿ.